ಹತ್ತನೇ ತರಗತಿಯವರ ನೆನಪಿನ ಪುಸ್ತಕ: ಪ್ರಬಂಧ ಆಗದ ಹಾಗೆ, ಮಳೆಗಾಲಕ್ಕೆ ಹಾಳಾಗದ ಹಾಗೆ ಮಾಡೋದು ಹೇಗೆ?

ಕುಮಟಾ_ಅಕ್ಕೋರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲ್ಲೂಕಿನ ಸರಕಾರಿ ಪ್ರೌಢಶಾಲೆ. 2023ರಲ್ಲಿ ಎಂಟನೆಯತ್ತೆಗೆ ಸೇರಿದ 42 ಮಕ್ಕಳು 2026ರ ಮಾರ್ಚಿಗೆ ಎಸ್ಸೆಸ್ಸೆಲ್ಸಿ ಬರೆದು ಹೊರಡುತ್ತಾರೆ. ಬೀಳ್ಕೊಡುಗೆ ದಿನ ಅವರ ಕೈಯಲ್ಲಿ ಅವರದ್ದೇ ಮೂರು ವರ್ಷದ ನೆನಪಿನ ಪುಸ್ತಕ ಇಡಬೇಕು ಅಂತ ಆಸೆ. ಪಾಲಕರು ಮತ್ತು ಶಿಕ್ಷಕರಿಂದ ಸೇರಿ ಕೈಯಲ್ಲಿ 6,000 ರೂಪಾಯಿ ಇದೆ.

ಮೂರು ತೊಡಕು. ಒಂದು, ‘ನನ್ನ ಶಾಲಾ ದಿನಗಳು’ ಅಂತ ಬರೆಸಿದರೆ 42 ಹಾಳೆಯಲ್ಲೂ ಅದೇ ಮಾತು: ಶಾಲೆ ದೇಗುಲ, ಗುರುಗಳು ದೇವರು, ಈ ದಿನಗಳು ಮರಳಿ ಬಾರವು. ಎರಡು, ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುವುದೋ, ಪ್ರೆಸ್ಸಿಗೆ ಕೊಡುವುದೋ ತಿಳಿಯುತ್ತಿಲ್ಲ. ಮೂರು, ಕರಾವಳಿಯ ಥಂಡಿಗೆ ಸ್ಟೇಪಲ್ ಹೊಡೆದ ಪುಸ್ತಕ ಎರಡು ಮಳೆಗಾಲಕ್ಕೇ ತುಕ್ಕಿನ ಕಲೆಯಾಗಿ ಹಾಳೆ ಕಿತ್ತು ಬರುತ್ತದೆ. ಮಾಡಿ ಗೊತ್ತಿದ್ದವರು ಬಿಡಿಸಿ ಹೇಳಿ.


ಸಂಕದಾಚೆ (ಶಿರಸಿ, ಕನ್ನಡ ಮಾಸ್ತರು)

ಅಕ್ಕೋರೆ, ಬರಹವೆಲ್ಲ ಒಂದೇ ಥರ ಬರುವುದು ಪ್ರಶ್ನೆಯ ದೋಷ. ‘ನನ್ನ ಶಾಲಾ ದಿನಗಳು’ ಅಂತ ಬೋರ್ಡಿನ ಮೇಲೆ ಬರೆದ ಕೂಡಲೇ ಮಗುವಿಗೆ ಅದು ಪರೀಕ್ಷೆಯ ಪ್ರಬಂಧ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಮೂರು ವರ್ಷ ನಾವು ತಿದ್ದಿ ತಿದ್ದಿ ಕಲಿಸಿದ್ದೇ ಅದು, ಮಗು ಅದನ್ನೇ ವಾಪಸ್ ಕೊಡುತ್ತದೆ.

ದೊಡ್ಡ ಹಾಳೆ ಕೊಡಲೇಬೇಡಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಚೀಟಿ ಮಾಡಿ. ದಿನಕ್ಕೆ ಒಂದೇ ಪ್ರಶ್ನೆ, ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ, ಐದು ದಿನ. 42 ಮಕ್ಕಳಿಗೆ 210 ಚೀಟಿ, ಅಂದರೆ 53 ಹಾಳೆ. ಜನವರಿ ಮೊದಲ ವಾರದಲ್ಲೇ ಮುಗಿಸಿಬಿಡಿ. ಪೂರ್ವಸಿದ್ಧತಾ ಪರೀಕ್ಷೆ ಶುರುವಾದರೆ ಮಕ್ಕಳ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ.

ಮೊದಲ ದಿನ ದಾರಿಯ ಬಗ್ಗೆ ಕೇಳಿ: ಮನೆ ಬಿಟ್ಟು ಶಾಲೆ ಮುಟ್ಟುವ ತನಕ ಎಲ್ಲೆಲ್ಲಿ ನಿಲ್ಲುತ್ತಿದ್ದಿರಿ, ಆಷಾಢದ ಮಳೆಯಲ್ಲಿ ಯಾವ ಜಾಗ ದಾಟುವುದು ಕಷ್ಟ, ಬಸ್ಸು ತಪ್ಪಿದರೆ ಏನು ಮಾಡುತ್ತಿದ್ದಿರಿ. ಎರಡನೇ ದಿನ ಕೂತ ಜಾಗ: ಯಾವ ಬೆಂಚು, ಪಕ್ಕದಲ್ಲಿ ಯಾರು, ಮಳೆ ಬಂದಾಗ ಯಾವ ಹಂಚಿನ ಕೆಳಗೆ ಬಕೆಟ್ ಇಡುತ್ತಿದ್ದರು. ಮೂರನೇ ದಿನ ಊಟ: ಬಿಸಿಯೂಟದಲ್ಲಿ ಯಾವತ್ತು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಿರಿ, ಬಡಿಸುವವರು ಏನೆಂದು ಕರೆಯುತ್ತಿದ್ದರು. ನಾಲ್ಕನೇ ದಿನ ಮಾತು: ಮಾಸ್ತರರೋ ಅಕ್ಕೋರೋ ಪದೇ ಪದೇ ಹೇಳುತ್ತಿದ್ದ ಒಂದು ಮಾತು, ಅವರು ಹೇಳಿದ ಹಾಗೇ. ಐದನೇ ದಿನ ಕೈಕೆಲಸ: ಗಂಟೆ ಹೊಡೆಯುವುದು, ಧ್ವಜದ ಗಂಟು ಕಟ್ಟುವುದು, ಖೋ ಖೋ ಅಂಕಣದ ಗೆರೆ ಎಳೆಯುವುದು, ಹೀಗೆ ಇಲ್ಲಿ ಕಲಿತ ಒಂದು ಕೆಲಸ ಮತ್ತು ಅದನ್ನು ಹೇಳಿಕೊಟ್ಟವರು ಯಾರು.

ಚೀಟಿಗೆ ಒಂದು ಕಟ್ಟುಪಾಡು ಇರಲಿ. ಒಂದು ಜಾಗದ ಹೆಸರು, ಒಬ್ಬರ ಹೆಸರು, ಒಂದು ವಸ್ತು, ಮೂರೂ ಇರಬೇಕು. ‘ತುಂಬಾ’, ‘ಸುಂದರ’, ‘ಮರೆಯಲಾಗದ’ ಈ ಮೂರು ಶಬ್ದ ಬಳಸುವಂತಿಲ್ಲ. ಇಷ್ಟು ಮಾಡಿದರೆ ಸಾಕು, ‘ಶಾಲೆಗೆ ಬರುವ ದಾರಿ ರಮಣೀಯವಾಗಿತ್ತು’ ಅಂತ ಬರೆಯುವ ಹುಡುಗನೇ ‘ಸಂಕದ ಮೇಲೆ ನೀರು ಬಂದರೆ ಚಪ್ಪಲಿ ಚೀಲಕ್ಕೆ ಹಾಕಿ, ಅಡಿಕೆ ದಬ್ಬೆ ಹಿಡಿದು ದಾಟುವುದು’ ಅಂತ ಬರೆಯುತ್ತಾನೆ (ಸಂಕ ಅಂದರೆ ಹಳ್ಳದ ಕಾಲುಸೇತುವೆ, ದಬ್ಬೆ ಅಂದರೆ ಅಡಿಕೆ ಮರದ ಸೀಳು). ಇಪ್ಪತ್ತು ವರ್ಷ ಬಿಟ್ಟು ಓದುವಾಗ ಬೇಕಾಗುವುದು ಆ ದಬ್ಬೆ, ಆ ಚಪ್ಪಲಿ.

ಭಾಷೆ ತಿದ್ದಬೇಡಿ. ನಮ್ಮ ಜಿಲ್ಲೆಯ ಒಂದೇ ತರಗತಿಯಲ್ಲಿ ಕೊಂಕಣಿ, ಹವಿಗನ್ನಡ, ಹಾಲಕ್ಕಿ ಕನ್ನಡ, ಮರಾಠಿ, ಉರ್ದು ಮನೆಮಾತಿನವರು ಒಟ್ಟಿಗೆ ಕೂತಿರುತ್ತಾರೆ. ಅಜ್ಜಿ ಹೇಳಿದ ಮಾತು ಕೊಂಕಣಿಯಲ್ಲಿದ್ದರೆ ಕನ್ನಡ ಲಿಪಿಯಲ್ಲಿ ಹಾಗೇ ಬರಲಿ, ಕೆಳಗೆ ಅರ್ಥ ಕೊಟ್ಟರಾಯಿತು. ಕಾಗುಣಿತದ ತಪ್ಪು ಮಾತ್ರ ಸರಿ ಮಾಡಿ. ಬರೆಯಲು ಹಿಂಜರಿಯುವ ನಾಲ್ಕೈದು ಮಕ್ಕಳು ಇದ್ದೇ ಇರುತ್ತಾರೆ. ಅವರ ಹತ್ತಿರ ಗೆಳೆಯನೊಬ್ಬ ಇದೇ ಪ್ರಶ್ನೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಹೇಳಿದ್ದನ್ನು ಹೇಳಿದ ಹಾಗೇ ಇಳಿಸಲಿ. ಎಷ್ಟೋ ಸಲ ಅವೇ ಚೀಟಿಗಳು ಎಲ್ಲಕ್ಕಿಂತ ಚೆನ್ನಾಗಿರುತ್ತವೆ.

ಚೀಟಿಯ ಹಿಂದೆ ಹೆಸರಿನ ಬದಲು ಹಾಜರಿ ನಂಬರ್ ಬರೆಸಿ, ಮೊದಲ ಓದು ನೀವೊಬ್ಬರೇ ಓದಿ. ಸಂಪಾದಕ ಮಂಡಳಿಯ ಮಕ್ಕಳ ಕೈಗೆ ಆಮೇಲೆ ಕೊಡಿ. ಹೊಡೆತ, ಕಿರುಕುಳ, ಮನೆಯಲ್ಲಿ ಮದುವೆಯ ಮಾತು ಇಂಥದ್ದು ಚೀಟಿಯಲ್ಲಿ ಬಂದರೆ ಅದು ಪುಸ್ತಕಕ್ಕೆ ಹೋಗುವ ವಿಷಯವೇ ಅಲ್ಲ. ಆ ಮಗುವಿನ ಜೊತೆ ಅದೇ ದಿನ ಕೂತು ಮಾತಾಡಬೇಕು, ಮುಖ್ಯಾಧ್ಯಾಪಕರಿಗೆ ತಿಳಿಸಬೇಕು, ಬೇಕಾದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು.

ಇನ್ನೊಂದು. ಎಂಟರಲ್ಲೋ ಒಂಬತ್ತರಲ್ಲೋ ಟಿಸಿ ತೆಗೆದುಕೊಂಡು ಹೋದವರನ್ನು ಬಿಡಬೇಡಿ. ಮೂರು ವರ್ಷದ ಹಾಜರಿ ಪುಸ್ತಕ ಒಟ್ಟಿಗೆ ಇಟ್ಟು ನೋಡಿದರೆ ಹೆಸರು ಸಿಗುತ್ತದೆ. ‘ನಮ್ಮ ಜೊತೆ ಇದ್ದವರು’ ಅಂತ ಅರ್ಧ ಪುಟ ಕೊಟ್ಟರೂ ಸಾಕು.


ಕಾಳಿದಂಡೆ (ಕಾರವಾರ)

ಮಾಸ್ತರರು ಹೇಳಿದ್ದಕ್ಕೆ ಸೇರಿಸುತ್ತೇನೆ. ಚೀಟಿಗಳ ನಡುವೆ ಒಂದು ಕಾಲರೇಖೆ ಬೇಕು, ಇಲ್ಲದಿದ್ದರೆ ಎಲ್ಲ ನೆನಪೂ ದಿಕ್ಕಿಲ್ಲದೆ ತೇಲುತ್ತವೆ. ಅದನ್ನು ಮಕ್ಕಳ ನೆನಪಿನಿಂದ ಬರೆಸಬೇಡಿ, ತಾರೀಕು ತಪ್ಪುತ್ತದೆ. ಶಾಲೆಯ ಸೂಚನಾ ಪುಸ್ತಕ, ಹಾಜರಿ ಪುಸ್ತಕ, ಕ್ರೀಡಾಕೂಟ ಮತ್ತು ಪ್ರತಿಭಾ ಕಾರಂಜಿಯ ಪ್ರಮಾಣಪತ್ರಗಳ ನಕಲು, ಇಷ್ಟರಲ್ಲೇ ಎಲ್ಲ ತಾರೀಕು ಸಿಗುತ್ತದೆ.

ನಿಮ್ಮ ಈ ತಂಡದ ಮೂರು ವರ್ಷದಲ್ಲಿ ಹೊರಗಿನ ಜಗತ್ತೂ ಸಾಕಷ್ಟು ಒಳಗೆ ಬಂದಿದೆ. ಅವರು ಎಂಟನೆಯತ್ತೆಗೆ ಬಂದ ಹೊಸತರಲ್ಲೇ, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹುಡುಗಿಯರಿಗೆ ಬಸ್ ಪುಕ್ಕಟೆ, ಹುಡುಗರಿಗೆ ಪಾಸು. ಒಂದೇ ಬಸ್ಸಿನ ಎರಡು ಲೆಕ್ಕ, ಚೀಟಿಗೆ ಒಳ್ಳೆ ವಿಷಯ. ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು. ಒಂಬತ್ತರಲ್ಲಿದ್ದಾಗ 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್ 6ರ ನಡುರಾತ್ರಿ ಕಳೆದು 7 ಹುಟ್ಟಿದ ಮೇಲೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ವಾರಕ್ಕೆ ಆರು ದಿನ ಆಗಿದ್ದೂ ಅದೇ ವರ್ಷ.

ಶಿರೂರಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಆ ಮಳೆಗಾಲದಲ್ಲಿ ಯಾರನ್ನಾದರೂ ಕಳೆದುಕೊಂಡ ಮನೆಯ ಮಗು ತರಗತಿಯಲ್ಲಿದ್ದರೆ, ಆ ಮನೆಯವರನ್ನು ಕೇಳದೆ ಒಂದು ಸಾಲೂ ಬೇಡ. ಉಳಿದವರು ಆ ವಾರ ಶಾಲೆಗೆ ರಜೆ ಇತ್ತೇ, ಬಸ್ ಎಲ್ಲಿಂದ ಸುತ್ತಿ ಬಂತು, ಆ ರಜೆಯನ್ನು ಯಾವ ಶನಿವಾರ ತುಂಬಿಸಿಕೊಂಡರು ಅಂತ ಬರೆದರೆ ಸಾಕು.

ಗ್ರೂಪ್ ಫೋಟೋದ ಬಗ್ಗೆ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಗರಿಗಳ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು ಅರ್ಧ ಮುಖ ಬಿಳಿ, ಅರ್ಧ ಕಪ್ಪು ಆಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡವಾದರೆ ಬೆಳಗ್ಗೆ 9 ಗಂಟೆಯ ಹೊತ್ತಿಗೆ ಅದರ ಎದುರಿಗೆ ಒಂದೇ ಸಮನಾದ ನೆರಳಿರುತ್ತದೆ, ಅಲ್ಲಿ ನಿಲ್ಲಿಸಿ. 12 ಮಕ್ಕಳು ನೆಲದ ಮೇಲೆ, ಅವರ ಹಿಂದೆ ಕುರ್ಚಿಯಲ್ಲಿ ಶಿಕ್ಷಕರು ಮತ್ತು ಅಡುಗೆಯವರು, ಹಿಂದೆ 15 ಮಕ್ಕಳು ನಿಂತು, ಇನ್ನೂ 15 ಮಕ್ಕಳು ಬೆಂಚಿನ ಮೇಲೆ. ತೆಗೆಯುವವರು ಕುರ್ಚಿ ಹತ್ತಿ, ಆರೇಳು ಮೀಟರ್ ಹಿಂದೆ ಸರಿದು ತೆಗೆಯಲಿ. ಹತ್ತಿರ ನಿಂತು ತೆಗೆದರೆ ಮೊಬೈಲಿನ ಅಗಲ ಲೆನ್ಸು ಎರಡು ತುದಿಯಲ್ಲಿದ್ದವರ ಮುಖ ಎಳೆದುಬಿಡುತ್ತದೆ. ಬಿಳಿ ಅಂಗಿ ಇದ್ದರೆ ಪರದೆಯ ಮೇಲೆ ಒಂದು ಮುಖವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಇಳಿಸಿ.

ಕಣ್ಣು ಮುಚ್ಚುವವರ ಕಾಟಕ್ಕೆ ಮದ್ದು: ಎಲ್ಲರೂ ಕಣ್ಣು ಮುಚ್ಚಿ, ‘ಮೂರು’ ಅಂದ ಕೂಡಲೇ ಬಿಡಬೇಕು. ಆದರೂ ಎಂಟು ಹತ್ತು ಸಲ ತೆಗೆಯಿರಿ.

ಫೋಟೋ ಆದ ಮೇಲೆ ಸಾಲು ಕದಲುವ ಮೊದಲು ವಿಡಿಯೋ ಹಾಕಿಕೊಂಡು ಎಡದಿಂದ ಬಲಕ್ಕೆ ನಡೆಯುತ್ತಾ ಹೋಗಿ, ಪ್ರತಿಯೊಬ್ಬರೂ ತಮ್ಮ ಹೆಸರು ತಾವೇ ಹೇಳಲಿ. ಹೆಸರಿನ ಪಟ್ಟಿಗೆ ಇದಕ್ಕಿಂತ ಖಾತ್ರಿಯಾದ ದಾರಿ ಇಲ್ಲ. ಒಂದು ವಾರ ಬಿಟ್ಟು ‘ಎಡದಿಂದ ಐದನೆಯವರು ಯಾರು’ ಅಂತ ಹುಡುಕಲು ಕೂತಾಗಲೇ ತಪ್ಪು ನುಸುಳುವುದು.


ಡಿಟಿಪಿ_ಮೇಜು (ಶಿರಸಿ)

60 ಪ್ರತಿಗೆ ಪ್ರೆಸ್ ಬೇಡ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುತ್ತದೆ, ಕೆಲವು ನೂರು ಪ್ರತಿ ಇದ್ದರೆ ಮಾತ್ರ ಅದು ಹಂಚಿಹೋಗುತ್ತದೆ. ನಿಮಗೆ ಲೇಸರ್ ಪ್ರಿಂಟು ಅಥವಾ ಜೆರಾಕ್ಸೇ ಸರಿ. ಇಂಕ್‌ಜೆಟ್ ಬೇಡವೇ ಬೇಡ, ಅದರ ಶಾಯಿ ತೇವಕ್ಕೆ ಹರಡುತ್ತದೆ.

60 ಅಂದದ್ದು ಹೀಗೆ: 42 ಮಕ್ಕಳು, ಸುಮಾರು 10 ಶಿಕ್ಷಕರು, 3 ಅಡುಗೆಯವರು, ದಾಖಲೆಗೆ 3, ಕೈಮೀಸಲು 2. ಅಳತೆ ಎ5, ಅಂದರೆ ಎ4 ಹಾಳೆಯನ್ನು ನಡುವೆ ಮಡಚಿದ್ದು. ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ಪುಟದ ಒಟ್ಟು ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ನಿಮಗೆ 48 ಪುಟ ಸಾಕು, 12 ಹಾಳೆ. ಇಬ್ಬರಿಗೆ ಒಂದು ಪುಟದಂತೆ ಮಕ್ಕಳದ್ದು 21, ಚೀಟಿಗಳನ್ನು ವಿಷಯವಾರು ಜೋಡಿಸಿದ್ದು 12, ಕಾಲರೇಖೆ 4, ಶಿಕ್ಷಕರು ಮತ್ತು ಸಿಬ್ಬಂದಿ 4, ಶೀರ್ಷಿಕೆ ಮತ್ತು ಪರಿವಿಡಿ 2, ಗ್ರೂಪ್ ಫೋಟೋ 2, ಕೊನೆಗೆ ಸಹಿಗೆ ಖಾಲಿ 3.

ಗ್ರೂಪ್ ಫೋಟೋ 24 ಮತ್ತು 25ನೇ ಪುಟಕ್ಕೇ ಬರಬೇಕು. ಆ ಎರಡು ಪುಟ ಮಾತ್ರ ಒಂದೇ ಹಾಳೆಯ ಒಂದೇ ಮಗ್ಗುಲು. ಬೇರೆ ಎಲ್ಲೇ ಹಾಕಿದರೂ ಎಡ ಅರ್ಧ ಒಂದು ಹಾಳೆ, ಬಲ ಅರ್ಧ ಇನ್ನೊಂದು ಹಾಳೆ, ಹೊಲಿಯುವಾಗ ಎರಡು ಮಿಲಿಮೀಟರ್ ಜಾರಿದರೂ ಸಾಲು ಮುರಿಯುತ್ತದೆ. ಕಾಳಿದಂಡೆಯವರೆ, ನಿಲ್ಲಿಸುವಾಗ ಪ್ರತಿ ಸಾಲಿನ ನಟ್ಟನಡುವೆ ಒಂದು ಗೇಣು ಜಾಗ ಬಿಡಿಸಿ. ಇಲ್ಲದಿದ್ದರೆ ಯಾವುದೋ ಒಂದು ಮಗುವಿನ ಮುಖ ಮಡಿಕೆಯಲ್ಲಿ ಹೋಗುತ್ತದೆ, ಆ ಮಗು ಜೀವಮಾನವಿಡೀ ಪುಸ್ತಕ ತೆರೆದಾಗ ನೋಡುವುದು ಅದನ್ನೇ.

ಹಣದ ಲೆಕ್ಕ: ಕಪ್ಪು ಮುದ್ರಣ ಒಂದು ಮಗ್ಗುಲಿಗೆ ಒಂದೂವರೆ ರೂಪಾಯಿ ಹಿಡಿಯೋಣ. 11 ಹಾಳೆ, ಎರಡು ಮಗ್ಗುಲು, 60 ಪ್ರತಿ: 1,320 ಮಗ್ಗುಲು, 1,980 ರೂಪಾಯಿ. ನಡುವಿನ ಹಾಳೆಯ ಫೋಟೋ ಮಗ್ಗುಲು ಬಣ್ಣದ್ದು, 15 ರೂಪಾಯಿಯಂತೆ 900, ಅದರ ಬೆನ್ನಿಗೆ ಕಪ್ಪು 90. ದಪ್ಪ ಹಾಳೆಯ ಬಣ್ಣದ ಮುಖಪುಟ 30 ರೂಪಾಯಿಯಂತೆ 1,800. ಒಟ್ಟು 4,770. ಉಳಿದ 1,230ರಲ್ಲಿ ದಾರ, ಅಂಚು ಕತ್ತರಿಸುವುದು, ಪ್ರೂಫ್ (ತಪ್ಪು ನೋಡಲು ಮೊದಲು ತೆಗೆಯುವ ಪ್ರತಿ). ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ.

ಅಕ್ಷರ ಜೋಡಣೆ ಮೊಬೈಲಿನಲ್ಲೂ ಬಳಸುವ ಯೂನಿಕೋಡ್‌ನಲ್ಲೇ ಇರಲಿ. ಹಳೆ ಡಿಟಿಪಿ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಬಂದ ಬರಹವನ್ನು ಅಲ್ಲಿ ನೇರ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಹಳೆ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದರೆ ನಡುವೆ ಇರುವ ಇಂಗ್ಲಿಷ್ ಶಬ್ದ ಕಲಸಿಹೋಗುತ್ತದೆ, ಅರ್ಕಾವತ್ತು ಇರುವ ಕಡೆಯಲ್ಲೆಲ್ಲ ಕಣ್ಣಿಟ್ಟು ನೋಡಬೇಕಾಗುತ್ತದೆ. ಲಿಬ್ರೆ ಆಫೀಸ್ ಅಥವಾ ವರ್ಡ್‌ನಲ್ಲಿ ನೋಟೋ ಸೆರಿಫ್ ಕನ್ನಡ, 11 ಪಾಯಿಂಟ್, ಸಾಲಿನ ಅಂತರ 1.4. ಅಂತರ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಂಗಡಿಗೆ ವರ್ಡ್ ಫೈಲು ಒಯ್ಯಬೇಡಿ. ಅಲ್ಲಿ ಆ ಫಾಂಟ್ ಇರದಿದ್ದರೆ ಎಲ್ಲ ಪುಟವೂ ಜಾರುತ್ತದೆ. ಪಿಡಿಎಫ್ ಮಾಡಿ, ಪ್ರಿಂಟ್ ಕೊಡುವಾಗ ‘ಬುಕ್‌ಲೆಟ್’ ಆಯ್ಕೆ ಹಾಕಿಸಿ, ಮೊದಲು ಒಂದೇ ಪ್ರತಿ ತೆಗೆಸಿ ಮಡಚಿ ನೋಡಿ.

ಫೋಟೋ ವಾಟ್ಸಾಪಿನಲ್ಲಿ ತರಿಸುವುದಾದರೆ ‘ಡಾಕ್ಯುಮೆಂಟ್’ ಅಂತ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿಬಿಡುತ್ತದೆ. ಪಾಸ್‌ಪೋರ್ಟ್ ಅಳತೆಯ ಮುಖಕ್ಕೆ 413×531 ಪಿಕ್ಸೆಲ್ ಸಾಕು. ಎರಡು ಪುಟದ ಗ್ರೂಪ್ ಫೋಟೋಕ್ಕೆ ಅಗಲ 3,400ಕ್ಕಿಂತ ಕಡಿಮೆ ಇರಬಾರದು.

ಈಗ ಹೆಸರು. ನಮ್ಮ ಜಿಲ್ಲೆಯಲ್ಲಿ ‘ನಾಯ್ಕ’ ಬೇರೆ, ‘ನಾಯಕ’ ಬೇರೆ. ಒಂದು ಅರ್ಧಾಕ್ಷರ ತಪ್ಪಿದರೆ ಮಗುವಿನ ಮನೆತನವೇ ಬದಲಾಗುತ್ತದೆ. ‘ಹೆಗಡೆ’ಯನ್ನು ‘ಹೆಗ್ಡೆ’ ಮಾಡುವುದು, ‘ಭಟ್ಟ’ರನ್ನು ‘ಭಟ್’ ಮಾಡುವುದು ದಿನಾ ನಡೆಯುತ್ತದೆ. ಧ್ವನಿಯಿಂದ ಟೈಪ್ ಮಾಡಿಸಿದರಂತೂ ಹೆಸರುಗಳು ಕೆಟ್ಟೇ ಕೆಡುತ್ತವೆ. ದಾಖಲಾತಿ ಪುಸ್ತಕದಲ್ಲಿ ಇದ್ದ ಹಾಗೆ ಒಂದು ಪಟ್ಟಿ ಮಾಡಿ, ಎಲ್ಲ ಕಡೆ ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ. ಪ್ರೂಫನ್ನು ಗ್ರೂಪಿಗೆ ಹಾಕಿದರೆ 40 ಹೆಬ್ಬೆರಳು ಬರುತ್ತವೆ, ಓದಿದವರು ಯಾರೂ ಇರುವುದಿಲ್ಲ. ಕಾಗದದ ಮೇಲೆ ತೆಗೆದು, ಪ್ರತಿ ಮಗುವೂ ತನ್ನ ಅರ್ಧ ಪುಟ ಓದಿ ಪಕ್ಕದಲ್ಲಿ ಸಹಿ ಹಾಕಬೇಕು. ಅಡ್ಡಹೆಸರು ಹಾಕುವುದಾದರೆ ಆ ಮಗು ಸ್ವತಃ ಒಪ್ಪಬೇಕು. ಫೋನ್ ನಂಬರ್, ಮನೆ ವಿಳಾಸ, ಅಂಕ ಇವು ಮೂರೂ ಬೇಡ.


ಸೂಜಿ_ದಾರ (ಹೊನ್ನಾವರ)

ಸ್ಟೇಪಲ್ ಕಬ್ಬಿಣದ್ದು, ಮೇಲೆ ಸತುವಿನ ತೆಳು ಲೇಪ ಅಷ್ಟೇ. ಉಪ್ಪುಗಾಳಿಗೆ ಅದು ನಿಲ್ಲುವುದಿಲ್ಲ. ತುಕ್ಕು ಹಿಡಿದ ಜಾಗದಲ್ಲಿ ಕಾಗದ ಕಂದಾಗಿ ಪುಡಿಯಾಗುತ್ತದೆ, ಆಮೇಲೆ ಹಾಳೆ ತಾನಾಗೇ ಬಿಡುತ್ತದೆ. ದಾರದಲ್ಲಿ ಹೊಲಿಯಿರಿ. ಮಕ್ಕಳೇ ಮಾಡಬಹುದು, ಒಂದು ಪುಸ್ತಕಕ್ಕೆ ಐದಾರು ನಿಮಿಷ.

12 ಹಾಳೆ ಮತ್ತು ಮುಖಪುಟ ಒಟ್ಟಿಗೆ ಮಡಚಿ, ಮಡಿಕೆಯನ್ನು ಚಮಚೆಯ ಬೆನ್ನಿನಿಂದ ಉಜ್ಜಿ. ಮಡಿಕೆಯ ಮೇಲೆ ಮೂರು ತೂತು: ಮೇಲಿನಿಂದ 3 ಸೆಂಟಿಮೀಟರಿಗೆ, ನಟ್ಟನಡುವೆ 10.5ಕ್ಕೆ, ಕೆಳಗಿನಿಂದ 3ಕ್ಕೆ. ರಟ್ಟಿನ ಪಟ್ಟಿಯ ಮೇಲೆ ಗುರುತು ಹಾಕಿಟ್ಟುಕೊಂಡರೆ 60 ಪ್ರತಿಯೂ ಒಂದೇ ಸಮ. ತೂತನ್ನು ದಬ್ಬಳದಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ. ನೇರ ಸೂಜಿಯಲ್ಲೇ ಚುಚ್ಚಲು ಹೋದರೆ 13 ಪದರದಲ್ಲಿ ಸೂಜಿ ಓರೆಯಾಗಿ ಮುಖಪುಟದ ಮೇಲೆ ತೂತು ಮಡಿಕೆ ಬಿಟ್ಟು ಬೇರೆಡೆ ಬೀಳುತ್ತದೆ.

65 ಸೆಂಟಿಮೀಟರ್ ದಪ್ಪ ಹತ್ತಿ ದಾರ, ಜೇನುಮೇಣದ ಮೇಲೆ ಎರಡು ಸಲ ಎಳೆದದ್ದು. ನಡು ತೂತಿನಿಂದ ಒಳಗಿನಿಂದ ಹೊರಕ್ಕೆ, ಮೇಲಿನ ತೂತಿನಿಂದ ಒಳಕ್ಕೆ, ಒಳಗೇ ನಡು ತೂತನ್ನು ದಾಟಿ ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡು ತೂತಿನಿಂದ ಒಳಕ್ಕೆ. ಈಗ ಎರಡು ತುದಿಯೂ ಒಳಗಿವೆ. ನಡುವೆ ಹಾದ ಉದ್ದ ದಾರದ ಆಚೆಗೊಂದು ಈಚೆಗೊಂದು ತುದಿ ಇರಬೇಕು, ಆ ದಾರವನ್ನು ಹಿಡಿದುಕೊಂಡ ಹಾಗೆ ಎರಡು ಗಂಟು. ಎಳೆಯುವಾಗ ಮಡಿಕೆಯ ಉದ್ದಕ್ಕೇ ಎಳೆಯಬೇಕು. ಮೇಲಕ್ಕೆ ಎಳೆದರೆ ದಾರ ಹಾಳೆಯನ್ನು ಕೊಯ್ದುಬಿಡುತ್ತದೆ.

ಹೊಲಿದ ಮೇಲೆ ಒಳಗಿನ ಹಾಳೆಗಳು ಹೊರಗಿನವಕ್ಕಿಂತ ಸ್ವಲ್ಪ ಮುಂದೆ ಚಾಚುತ್ತವೆ. ಅಂಗಡಿಯ ಕಟಿಂಗ್ ಯಂತ್ರದಲ್ಲಿ ಅಂಚು ಸಮ ಮಾಡಿಸಿ. ಅದಕ್ಕೇ ಪುಟದ ಹೊರ ಅಂಚಿಗೆ 12 ಮಿಲಿಮೀಟರ್ ಖಾಲಿ ಬಿಟ್ಟಿರಬೇಕು.

ಸಹಿಯ ಪುಟಕ್ಕೆ ಬಾಲ್‌ಪೆನ್ ಕೊಡಿ, ಅದರ ಶಾಯಿ ಎಣ್ಣೆಯದ್ದು. ಜೆಲ್ ಪೆನ್ನು ಒದ್ದೆ ಬೆರಳು ತಾಗಿದರೂ ಹರಡುತ್ತದೆ. ಸೆಲೋಟೇಪ್ ಎಲ್ಲೂ ಬೇಡ, ಹಳದಿಯಾಗಿ ಅಂಟು ಸೋರುತ್ತದೆ. ಪುಸ್ತಕವನ್ನು ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುವುದೂ ಬೇಡ. ತೇವ ಒಳಗೇ ಕೂತು ಬೂಷ್ಟು ಬರುತ್ತದೆ, ಲೇಸರ್ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಹಳೆ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ ನೆಲದಿಂದ ಎತ್ತರಕ್ಕೆ ಇಟ್ಟರೆ ಒರಲೆಯೂ ಬೇಗ ಹತ್ತುವುದಿಲ್ಲ. ದಸರೆಯ ಹೊತ್ತಿಗೆ ಮಳೆ ಹೊಳವಾದ ಮೇಲೆ ಒಂದು ದಿನ ನೆರಳಿನಲ್ಲಿ ಪುಟ ಬಿಡಿಸಿ ಗಾಳಿಗೆ ಇಡಬೇಕು, ಬಿಸಿಲಿಗೆ ಅಲ್ಲ.


ಕುಮಟಾ_ಅಕ್ಕೋರು

ಎಲ್ಲರಿಗೂ ಮನಸಾರೆ ಧನ್ಯವಾದ. ಸೋಮವಾರವೇ ಚೀಟಿ ಕತ್ತರಿಸಲು ಕೂರುತ್ತೇವೆ. ಎರಡು ಪ್ರಶ್ನೆ ಉಳಿಯಿತು. ಪುಸ್ತಕಕ್ಕೆ ಹಿಡಿಯದೆ ಉಳಿಯುವ ನೂರಾರು ಚೀಟಿಗಳನ್ನು ಏನು ಮಾಡಲಿ? ದಾಖಲೆಗೆ ಅಂತ ಹೇಳಿದ ಮೂರು ಪ್ರತಿ ಎಲ್ಲಿಡಬೇಕು?


ಸಂಕದಾಚೆ (ಶಿರಸಿ, ಕನ್ನಡ ಮಾಸ್ತರು)

ಚೀಟಿ ಬಿಸಾಡಬೇಡಿ ಅಕ್ಕೋರೆ. ಮಕ್ಕಳ ಕೈಬರಹ ಇರುವುದು ಅದರಲ್ಲೇ. ನಂಬರಿನ ಪ್ರಕಾರ ಜೋಡಿಸಿ, ಒಬ್ಬೊಬ್ಬರ ಐದು ಚೀಟಿಯನ್ನು ಒಂದು ಕಾಗದದ ಲಕೋಟೆಗೆ ಹಾಕಿ, ಅವರವರ ಪುಸ್ತಕದ ಜೊತೆಗೇ ವಾಪಸ್ ಕೊಡಿ. ನೀವು ಪಕ್ಕಕ್ಕೆ ತೆಗೆದಿಟ್ಟ ಚೀಟಿಗಳನ್ನು ಮಾತ್ರ ಬೇರೆಯಾಗಿ, ಮಗುವಿನ ಕೈಗೇ ಕೊಡಿ.

ಮೂರರಲ್ಲಿ ಒಂದು ಗ್ರಂಥಾಲಯಕ್ಕೆ, ದಾಖಲು ಪುಸ್ತಕದಲ್ಲಿ ನಂಬರ್ ಬರೆಸಿಯೇ ಇಡಬೇಕು. ನಂಬರ್ ಇಲ್ಲದ ಪುಸ್ತಕ ಮುಂದಿನ ಸ್ವಚ್ಛತಾ ದಿನಕ್ಕೆ ರದ್ದಿಯ ಜೊತೆ ಹೋಗುತ್ತದೆ. ಒಂದು ಮುಖ್ಯಾಧ್ಯಾಪಕರ ಕಪಾಟಿಗೆ, ಒಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಕೈಗೆ. ಪಿಡಿಎಫ್ ಮತ್ತು ಮೂಲ ಫೋಟೋಗಳನ್ನು ನಿಮ್ಮ ಸ್ವಂತ ಖಾತೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ನಿಮಗೆ ವರ್ಗ ಆದ ದಿನ ಅದೂ ನಿಮ್ಮ ಜೊತೆಗೇ ಹೊರಡುತ್ತದೆ. ಶಾಲೆಯ ಇ-ಮೇಲ್ ಖಾತೆಯಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು. ಪೆನ್ ಡ್ರೈವಿಗೆ ‘ಹತ್ತನೇ ತರಗತಿ, 2025-26’ ಅಂತ ಚೀಟಿ ಕಟ್ಟಿ, ಗ್ರಂಥಾಲಯದ ಪ್ರತಿಯ ಜೊತೆ ಅದೇ ಬಟ್ಟೆಯಲ್ಲಿ ಸುತ್ತಿಡಿ.